ಮನೆಗೊಂದು ನಾಯಿ ಬೇಕೆ?

ಅರಸೀಕೆರೆಯಿಂದ ಹೊರಟು ಜಾವಗಲ್ಲಿನ ಮಾರ್ಗವಾಗಿ ಹಳೇಬೀಡನ್ನು ಸೇರಿ, ಅಲ್ಲಿಂದ ಮತ್ತೆ ಹದಿನಾರು ಕಿಲೋಮೀಟರ್ ಸಾಗಿ ಬೇಲೂರನ್ನು ಮುಟ್ಟುವಷ್ಟರಲ್ಲಿ ನಾಡಿನ ಬಣ್ಣವೇ ಬದಲಾಗಿಬಿಡುತ್ತದೆ. ತೆಂಗಿನ ತೋಟಗಳೂ ಕುರುಚಲು ಗುಡ್ಡಗಳೂ ತುಂಬಿದ ಬಯಲುಸೀಮೆ ಹಿಂದೆ ಸರಿದು, ಮಲೆನಾಡಿನ ಸೆರಗು ಕಣ್ಣೆದುರು ಬಿಚ್ಚಿಕೊಳ್ಳುತ್ತದೆ. ಮಣ್ಣು ಬೇರೆ, ಮಳೆ ಬೇರೆ, ಬೆಳೆ ಬೇರೆ. ಆದರೆ ಈ ದಾರಿಯುದ್ದಕ್ಕೂ ಬದಲಾಗದೆ ಜೊತೆಗೆ ಬರುವ ಜೀವವೊಂದುಂಟು, ಅದು ನಾಯಿ. ರೈಲುನಿಲ್ದಾಣದ ಹೊರಗಿನ ಚಹಾ ಅಂಗಡಿಯ ಬಳಿ, ಹೊಯ್ಸಳೇಶ್ವರನ ಗುಡಿಯೆದುರಿನ ಬೀದಿಯಲ್ಲಿ, ಕಾಫಿ ತೋಟದ ಗೇಟಿನ ಪಕ್ಕದಲ್ಲಿ, ಎಲ್ಲೆಲ್ಲಿಯೂ ಅದು ಮನುಷ್ಯನ ಮುಖವನ್ನೇ ನೋಡುತ್ತ ಕುಳಿತಿರುತ್ತದೆ.

ಬೀದಿಯ ನಾಯಿಯನ್ನು ಕಂಡು ಒಂದು ತುಂಡು ಬಿಸ್ಕತ್ತು ಎಸೆದು ಮುಂದೆ ಸಾಗುವುದು ಸುಲಭ. ಅದನ್ನು ಹೊಸ್ತಿಲೊಳಗೆ ಬರಮಾಡಿಕೊಳ್ಳುವುದು ಅಷ್ಟು ಸುಲಭವಲ್ಲ. ಪಟ್ಟಣಗಳ ಹೊಸ ಬಡಾವಣೆಗಳಲ್ಲಿ ಸ್ವಂತ ಮನೆ ಕಟ್ಟಿಕೊಂಡು ನೆಲೆಸಿದ ಕುಟುಂಬಗಳಲ್ಲಿ ಇಂದು ಈ ಪ್ರಶ್ನೆ ಆಗಾಗ ಏಳುತ್ತದೆ. ಹಗಲೆಲ್ಲ ಮನೆ ಬೀಗ ಹಾಕಿರುತ್ತದೆ, ಕಾವಲಿಗೆ ಒಂದು ನಾಯಿ ಇದ್ದರೆ ಒಳ್ಳೆಯದು ಎಂಬುದು ತಂದೆಯ ಯೋಚನೆ. ಗೆಳೆಯನ ಮನೆಯಲ್ಲಿರುವಂಥ ಮರಿಯೇ ಬೇಕೆಂಬುದು ಮಕ್ಕಳ ಹಟ. 2022ರಲ್ಲಿ ತೆರೆಕಂಡ ‘777 ಚಾರ್ಲಿ’ ಚಲನಚಿತ್ರವನ್ನು ನೋಡಿ ಕಣ್ಣೊರೆಸಿಕೊಂಡು ಬಂದ ಮಕ್ಕಳಿಗಂತೂ ಬೇರೆ ಕಾರಣವೇ ಬೇಕಾಗಿಲ್ಲ. ಅಜ್ಜಿಗೆ ಮಡಿಯ ಚಿಂತೆ. ತಾಯಿ ಮಾತ್ರ ಸುಮ್ಮನಿರುತ್ತಾಳೆ. ಏಕೆಂದರೆ ಕೊನೆಗೆ ತಟ್ಟೆ ಇಡುವ ಕೈ ಯಾರದೆಂಬುದು ಆಕೆಗೆ ಚೆನ್ನಾಗಿ ಗೊತ್ತು.

ಇಂಥ ಚರ್ಚೆ ಸಾಮಾನ್ಯವಾಗಿ ‘ಯಾವ ಜಾತಿಯ ನಾಯಿ?’ ಎಂಬಲ್ಲಿಂದ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. ಕೇಳಬೇಕಾದ ಮೊದಲ ಪ್ರಶ್ನೆ ಅದಲ್ಲ. ನಾಯಿ ಈ ಮನೆಗೆ ಹೊಂದಿಕೊಂಡೀತೆ ಎಂಬುದಕ್ಕಿಂತ, ಈ ಮನೆ ಹನ್ನೆರಡು ವರ್ಷ ನಾಯಿಯ ಋಣವನ್ನು ಹೊತ್ತೀತೆ ಎಂಬುದೇ ನಿಜವಾದ ಪ್ರಶ್ನೆ.

ಆತಕೂರಿನ ಕಾಳಿ

ಈ ಋಣದ ಮಾತು ಕನ್ನಡಿಗರಿಗೆ ಹೊಸದಲ್ಲ. ಅದನ್ನು ಕಲ್ಲಿನಲ್ಲಿಯೇ ಕೊರೆದಿಟ್ಟ ಉದಾಹರಣೆ ನಮ್ಮ ನಾಡಿನಲ್ಲಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನ ಇಂದು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ. ಶ. 949ರ ಸುಮಾರಿಗೆ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ಘೋರ ಯುದ್ಧ ನಡೆಯಿತು. ಕೃಷ್ಣನ ಪಕ್ಷದಲ್ಲಿದ್ದ ಗಂಗ ಅರಸು ಬೂತುಗನು ರಾಜಾದಿತ್ಯನನ್ನು ಕೊಂದನು. ಬೂತುಗನ ಸೇವಕನಾದ ಮಣಲೇರನೆಂಬ ವೀರನು ಆ ಕಾಳಗದಲ್ಲಿ ಅಪಾರ ಸಾಹಸ ತೋರಿದನು. ಸಂತುಷ್ಟನಾದ ಒಡೆಯನು ಬೇಕಾದುದನ್ನು ಬೇಡಿಕೋ ಎಂದಾಗ ಮಣಲೇರನು ಹೊನ್ನನ್ನು ಕೇಳಲಿಲ್ಲ, ಊರನ್ನು ಕೇಳಲಿಲ್ಲ. ಒಡೆಯನ ಬಳಿಯಿದ್ದ ‘ಕಾಳಿ’ ಎಂಬ ಬೇಟೆನಾಯಿಯನ್ನು ಕೇಳಿದನು.

ಮುಂದೆ ಆ ಕಾಳಿಯನ್ನು ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಡಲಾಯಿತು. ಹಂದಿಯೂ ನಾಯಿಯೂ ಹೋರಾಡಿ ಒಂದರಿಂದೊಂದು ಸತ್ತವು. ಅದರ ನೆನಪಿಗಾಗಿ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿಬಿಟ್ಟರು. ಕಲ್ಲಿನ ಮೇಲ್ಭಾಗದಲ್ಲಿ ನಾಯಿ ಹಂದಿಗಳ ಕಾಳಗವನ್ನು ಕೆತ್ತಲಾಗಿದೆ.

ಈ ಶಾಸನವನ್ನು ಇತಿಹಾಸಕಾರರು ತಕ್ಕೋಲದ ಯುದ್ಧಕ್ಕಾಗಿ ಓದುತ್ತಾರೆ. ಆದರೆ ನಾಯಿ ಸಾಕುವ ಗೃಹಸ್ಥನು ಗಮನಿಸಬೇಕಾದ ಮಾತು ಅದರ ಕೊನೆಯಲ್ಲಿದೆ. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ಅವನಿಗೆ ಪಾಪ ತಗಲುತ್ತದೆಂದು ಅಲ್ಲಿ ಕಟ್ಟು ವಿಧಿಸಲಾಗಿದೆ. ಅಂದರೆ, ದಿನವೂ ಮೊದಲು ನಾಯಿಯ ನೆನಪು, ಅನಂತರ ತನ್ನ ಊಟ. ಒಂದು ದಿನದ ಉತ್ಸಾಹವನ್ನು ಆ ಶಾಸನ ಕೇಳುವುದಿಲ್ಲ. ತಪ್ಪದ ನಿತ್ಯಕರ್ಮವನ್ನು ಕೇಳುತ್ತದೆ. ಸತ್ತ ನಾಯಿಗೇ ಇಷ್ಟು ಸಲ್ಲಬೇಕೆಂದ ಮೇಲೆ, ಹಿತ್ತಿಲಲ್ಲಿ ಜೀವಂತವಾಗಿ ಕಾದು ಕುಳಿತ ನಾಯಿಗೆ ಸಲ್ಲಬೇಕಾದುದೆಷ್ಟು?

ಗುಡಿಯಲ್ಲಿಯೂ ಗ್ರಂಥದಲ್ಲಿಯೂ

ಹೊಯ್ಸಳ ವಿಷ್ಣುವರ್ಧನನು ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಆತನ ಸಮಕಾಲೀನನಾದ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಅರಸನ ವಿನೋದಗಳನ್ನು ವರ್ಣಿಸುವಾಗ ನಾಯಿಗಳಿಗೂ ಒಂದು ಪ್ರಕರಣ ಮೀಸಲಾಗಿದೆ. ಭೈರವನ ವಾಹನ ನಾಯಿ. ದತ್ತಾತ್ರೇಯನ ಕಾಲ ಬಳಿ ನಾಲ್ಕು ನಾಯಿಗಳು. ಮಹಾಭಾರತದ ಕೊನೆಯಲ್ಲಿ, ನಾಯಿಯನ್ನು ಬಿಟ್ಟು ಬಂದರೆ ಸ್ವರ್ಗವುಂಟೆಂದಾಗ ಧರ್ಮರಾಯನು ಸ್ವರ್ಗವನ್ನೇ ಬೇಡವೆಂದನು.

ಹೀಗಿದ್ದರೂ ನಾಯಿ ಎಂಬ ಪದ ನಮ್ಮಲ್ಲಿ ಬೈಗುಳವಾಗಿಯೂ ಉಳಿದಿದೆ. ಜಗಲಿಯವರೆಗೆ ಬರಬಹುದು, ನಡುಮನೆಗೆ ಕೂಡದು ಎಂಬುದು ಅನೇಕ ಮನೆಗಳ ಕಟ್ಟಳೆ. ಹಿರಿಯರ ಈ ಸಂಕೋಚವನ್ನು ಹಳೆಯ ಕಾಲದ ಮಾತೆಂದು ನಕ್ಕು ತಳ್ಳಿಹಾಕುವುದು ಸರಿಯಲ್ಲ. ಅವರು ಬೆಳೆದ ಮನೆಗಳಲ್ಲಿ ಅಂಗಳವಿತ್ತು, ಹಿತ್ತಿಲಿತ್ತು, ಕೊಟ್ಟಿಗೆಯಿತ್ತು. ನಾಯಿಗೂ ಮನುಷ್ಯರಿಗೂ ತಂತಮ್ಮ ಜಾಗವಿತ್ತು. ಇಂದಿನ ಮೂವತ್ತು ನಲವತ್ತು ಅಡಿಯ ನಿವೇಶನದಲ್ಲಿ ಕಟ್ಟಿದ ಮನೆಯಲ್ಲಿ ಆ ಅನುಕೂಲವಿಲ್ಲ. ದೇವರ ಮನೆ, ಅಡಿಗೆಮನೆಗಳಿಗೆ ನಾಯಿ ಬಾರದಂತೆ ಮರಿಯಿದ್ದಾಗಲೇ ಕಲಿಸಬಹುದು. ಆದರೆ ಮನೆಯ ಹಿರಿಯರ ಮನಸ್ಸು ಒಪ್ಪದೆ ನಾಯಿಯನ್ನು ತಂದರೆ, ದಿನವೂ ಗದರಿಕೆ ಕೇಳಬೇಕಾದುದು ಆ ಮೂಕಪ್ರಾಣಿಯೇ. ಎಲ್ಲರೂ ಕೂಡಿ ಒಪ್ಪುವವರೆಗೆ ಕಾಯುವುದರಿಂದ ನಷ್ಟವೇನಿಲ್ಲ.

ಮೂರು ಊರು, ಮೂರು ಉತ್ತರ

ಒಂದೇ ಪ್ರಶ್ನೆಗೆ ಊರಿಂದೂರಿಗೆ ಉತ್ತರ ಬೇರೆಯಾದೀತು. ಅರಸೀಕೆರೆಯ ಕಡೆಯ ತೋಟದ ಮನೆಗಳನ್ನು ನೋಡಿ. ಕಾಯಿ ಕೊಬ್ಬರಿಗಳ ಕಾವಲಿಗೆ ನಾಯಿ ಬೇಕೇ ಬೇಕು ಎನ್ನುತ್ತಾರೆ. ಸಳನು ಕೊಂದ ಹುಲಿ ಹೊಯ್ಸಳರ ಲಾಂಛನದಲ್ಲಿ ಉಳಿದಿದೆ. ಆದರೆ ಚಿರತೆ ಈ ಕಡೆಯ ಕಲ್ಲುಗುಡ್ಡಗಳಲ್ಲಿ ಇಂದಿಗೂ ಉಂಟು. ಚಿರತೆಗೆ ನಾಯಿ ಪ್ರಿಯವಾದ ಆಹಾರ. ರಾತ್ರಿ ಬಯಲಿನಲ್ಲಿ ಸರಪಳಿ ಬಿಗಿದು ಕಟ್ಟಿದ ನಾಯಿ ಕಾವಲುಗಾರನಲ್ಲ, ಚಿರತೆಗೆ ಒಡ್ಡಿದ ಬಲಿ. ಅದು ಓಡಲಾರದು, ಹೋರಾಡಲಾರದು. ಅಷ್ಟೇ ಅಲ್ಲ, ಅದರ ಆಸೆಯಿಂದ ಚಿರತೆ ಮನೆಯ ಬಾಗಿಲವರೆಗೆ ಬರುವ ಅಭ್ಯಾಸ ಮಾಡಿಕೊಳ್ಳುತ್ತದೆ. ಆ ಬಾಗಿಲಲ್ಲಿ ಮಕ್ಕಳೂ ಓಡಾಡುತ್ತಾರೆ. ಗುಡ್ಡದಂಚಿನ ಮನೆಯವರು ಕತ್ತಲಾದ ಮೇಲೆ ನಾಯಿಯನ್ನು ಭದ್ರವಾದ ಗೂಡಿನಲ್ಲಿಯೋ ಮನೆಯೊಳಗೋ ಇರಿಸಲು ಸಿದ್ಧರಿಲ್ಲದಿದ್ದರೆ ನಾಯಿಯ ಯೋಚನೆಯನ್ನು ಬಿಡುವುದೇ ಲೇಸು.

ಬೇಲೂರಿನ ಪಡುವಣ ಮಗ್ಗುಲಿಗೆ ಹೋದಂತೆ ಮಳೆ ಹೆಚ್ಚು, ತೇವ ಹೆಚ್ಚು. ಅಲ್ಲಿ ನಾಯಿಯ ನಿತ್ಯವೈರಿಗಳು ಉಣುಗು, ಚಿಗಟ, ಇಂಬಳಗಳು. ಉಣುಗು ರಕ್ತ ಹೀರುವುದಷ್ಟೇ ಅಲ್ಲ, ನಾಯಿಗೆ ಪ್ರಾಣಾಂತಿಕವಾದ ಜ್ವರವನ್ನೂ ಹರಡುತ್ತದೆ. ದಿನವೂ ಕಿವಿಯ ಒಳಭಾಗ, ಬೆರಳ ಸಂದು, ಕುತ್ತಿಗೆಯ ಮಡಿಕೆಗಳನ್ನು ಬಿಡಿಸಿ ನೋಡುವ ತಾಳ್ಮೆ ಅಲ್ಲಿ ಬೇಕು. ಆದರೆ ಅಲ್ಲಿ ನಾಯಿಗೆ ತಿರುಗಾಡಲು ಜಾಗವುಂಟು, ಮನುಷ್ಯನ ಜೊತೆ ತೋಟ ಸುತ್ತುವ ಕೆಲಸವೂ ಉಂಟು. ನೆರೆಯ ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕಿವಿ’ ಎಂಬ ನಾಯಿ 1980ರ ‘ಕರ್ವಾಲೊ’ ಕಾದಂಬರಿಯಲ್ಲಿ ಒಂದು ಪಾತ್ರವಾಗಿಯೇ ಕನ್ನಡ ಓದುಗರ ಮನೆಮನೆಯನ್ನು ಹೊಕ್ಕಿತು. ಅಂಥ ಒಡನಾಟಕ್ಕೆ ಮಲೆನಾಡು ತಕ್ಕ ನೆಲ.

ಹಳೇಬೀಡಿನ ಮಾತು ಮತ್ತೊಂದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇಗುಲಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಪ್ರವಾಸಿಗರು ಬರುವ ಊರಿನಲ್ಲಿ ತಿನಿಸಿನ ಅಂಗಡಿಗಳಿರುತ್ತವೆ. ತಿನಿಸು ಚೆಲ್ಲುವಲ್ಲಿ ಬೀದಿನಾಯಿಗಳೂ ಇರುತ್ತವೆ. ಇಂಥ ಊರಿನಲ್ಲಿ ಮನೆಯ ನಾಯಿಯನ್ನು ಬಾಗಿಲು ತೆರೆದು ಬಿಟ್ಟುಬಿಡುವ ಪದ್ಧತಿ ಸಲ್ಲದು. ಹೊರಗೆ ಹೋದ ಮನೆನಾಯಿ ಬೀದಿನಾಯಿಯೊಡನೆ ಕಚ್ಚಾಡಿ ಗಾಯವನ್ನಷ್ಟೇ ತಾರದು, ರೋಗವನ್ನೂ ತಂದೀತು.

ಯಾವ ಜಾತಿ ಎಂಬ ಪ್ರಶ್ನೆಗೂ ಈ ಊರುಗಳೇ ಉತ್ತರ ಹೇಳುತ್ತವೆ. ನಾಯಿಗೆ ಮನುಷ್ಯನಂತೆ ಮೈತುಂಬ ಬೆವರುವ ಶಕ್ತಿಯಿಲ್ಲ; ನಾಲಗೆ ಚಾಚಿ ಏದುವುದರಿಂದಲೇ ಅದು ಮೈಯ ಬಿಸಿಯನ್ನು ಇಳಿಸಿಕೊಳ್ಳಬೇಕು. ಹಿಮದ ನಾಡಿನ ದಟ್ಟ ರೋಮದ ಹಸ್ಕಿಯನ್ನು ಏಪ್ರಿಲ್ ತಿಂಗಳ ಅರಸೀಕೆರೆಯ ಸೆಕೆಗೆ ತರುವುದು ಅಕ್ಕರೆಯಲ್ಲ, ಹಿಂಸೆ. ಕನ್ನಡ ನಾಡಿನ ಹೆಮ್ಮೆಯಾದ ಮುಧೋಳ ನಾಯಿಯ ಕಡೆಗೆ ಹಲವರ ಮನಸ್ಸು ಒಲಿಯುತ್ತದೆ. 2005ರಲ್ಲಿ ಅಂಚೆಚೀಟಿಯ ಮೇಲೆ ಮೂಡಿಬಂದ ತಳಿ ಅದು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಅದರ ಸಂವರ್ಧನೆಗೆಂದೇ ಒಂದು ಕೇಂದ್ರವಿದೆ. ಭಾರತೀಯ ಸೇನೆಯೂ ಅದನ್ನು ಪರೀಕ್ಷೆಗೆ ತೆಗೆದುಕೊಂಡಿತು. ಆದರೆ ಅದು ಮೊಲವನ್ನು ಅಟ್ಟಿ ಹಿಡಿಯಲೆಂದು ಹುಟ್ಟಿದ ನಾಯಿ. ಬಯಲಲ್ಲಿ ಓಡಿಸಲಾರದವರು, ಕಾಂಪೌಂಡಿನ ಮೂಲೆಯಲ್ಲಿ ಕಟ್ಟಿಹಾಕುವವರು ಅದನ್ನು ತರಬಾರದು. ನಮ್ಮ ಹವೆಗೆ ತಲೆಮಾರುಗಳಿಂದ ಒಗ್ಗಿಕೊಂಡು ಬಂದ ನಾಡುನಾಯಿಯ ಮರಿ ಅಲ್ಪತೃಪ್ತ, ಚುರುಕು. ಅದಕ್ಕೆ ಹಣ ತೆರಬೇಕಾಗಿಯೂ ಇಲ್ಲ. ಗಂಡುಮರಿಗಳನ್ನು ಜನ ಒಯ್ಯುತ್ತಾರೆ. ಹೆಣ್ಣುಮರಿಗಳು ಬೀದಿಯಲ್ಲಿ ಉಳಿಯುತ್ತವೆ. ಸಕಾಲದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಹೆಣ್ಣುನಾಯಿಯನ್ನು ಸಾಕುವುದರಲ್ಲಿ ಯಾವ ತೊಡಕೂ ಇಲ್ಲ.

ಮನೆಯ ಲೆಕ್ಕ

ಯಜಮಾನ ನಾಯಿಗೆ ಹೇಳಿದ, ನಾಯಿ ಬಾಲಕ್ಕೆ ಹೇಳಿತು ಎಂಬ ಗಾದೆಯುಂಟು. ನಾಯಿ ಸಾಕುವ ಮನೆಗಳಲ್ಲಿ ಈ ಗಾದೆ ತಿರುವುಮುರುವಾಗುತ್ತದೆ. ನಾಯಿಗೆ ಅನ್ನ ಹಾಕೆಂದು ತಂದೆ ಮಗನಿಗೆ ಹೇಳುತ್ತಾನೆ, ಮಗ ತಂಗಿಗೆ ಹೇಳುತ್ತಾನೆ, ತಂಗಿಗೆ ನಾಳೆ ಪರೀಕ್ಷೆ; ಕೊನೆಗೆ ಒಲೆಯ ಮುಂದಿನಿಂದ ತಾಯಿಯೇ ಎದ್ದು ಬರುತ್ತಾಳೆ.

ಚೆನ್ನಾಗಿ ನೋಡಿಕೊಂಡ ನಾಯಿ ಹತ್ತರಿಂದ ಹದಿನಾಲ್ಕು ವರ್ಷ ಬಾಳುತ್ತದೆ. ಹತ್ತು ವರ್ಷದ ಬಾಲಕ ಹಟ ಮಾಡಿ ಮರಿಯನ್ನು ತಂದನೆಂದು ಇಟ್ಟುಕೊಳ್ಳೋಣ. ಮರಿ ಪ್ರಾಯಕ್ಕೆ ಬಂದು ನಡುವಯಸ್ಸಿಗೆ ಕಾಲಿಡುವ ಹೊತ್ತಿಗೆ ಅವನು ಹಾಸನಕ್ಕೋ ಬೆಂಗಳೂರಿಗೋ ಓದಲು ಹೋಗಿರುತ್ತಾನೆ. ನಾಯಿಗೆ ಮುಪ್ಪು ಬಂದು ಕಣ್ಣು ಮಂಜಾದಾಗ ಅವನು ಯಾವುದೋ ದೂರದ ನಗರದಲ್ಲಿ ಉದ್ಯೋಗಿ. ಮಗುವಿಗಾಗಿ ತಂದ ನಾಯಿ ಕೊನೆಗೆ ತಂದೆತಾಯಿಯರ ನಾಯಿಯಾಗಿಯೇ ಸಾಯುತ್ತದೆ. ಆದ್ದರಿಂದ ನಾಯಿ ಬೇಕೆ ಎಂಬುದನ್ನು ಮಕ್ಕಳ ಆಸೆಯಿಂದಲ್ಲ, ದೊಡ್ಡವರ ಒಪ್ಪಿಗೆಯಿಂದಲೇ ತೀರ್ಮಾನಿಸಬೇಕು.

ಇನ್ನು ವರ್ಗವಾಗುವ ನೌಕರರ ಮಾತು. ಸಾಮಾನುಗಳನ್ನು ಲಾರಿಗೆ ತುಂಬಿದ ದಿನ ಎಲ್ಲಕ್ಕೂ ಜಾಗ ದೊರೆಯುತ್ತದೆ, ನಾಯಿಗೆ ಮಾತ್ರ ದೊರೆಯುವುದಿಲ್ಲ. ಹೊಸ ಊರಿನ ಮನೆಯ ಮಾಲೀಕರು ನಾಯಿಯನ್ನು ಒಪ್ಪುವುದಿಲ್ಲವೆಂಬುದು ಕಾರಣ. ಹಿಂದೆ ಉಳಿದ ನಾಯಿ ಬೀಗ ಬಿದ್ದ ಬಾಗಿಲ ಮುಂದೆ ಕಾಯುತ್ತದೆ. ಬೀದಿಯ ನಾಯಿಗಳು ಅದನ್ನು ಸೇರಿಸಿಕೊಳ್ಳುವುದಿಲ್ಲ, ಅದಕ್ಕೆ ಬೀದಿಯಲ್ಲಿ ಹೊಟ್ಟೆಹೊರೆಯುವ ಬಗೆಯೂ ತಿಳಿಯದು. ನಾಯಿಯನ್ನು ತರದಿರುವುದರಿಂದ ಯಾವ ನಾಯಿಗೂ ಇಷ್ಟು ಕೇಡಾಗದು.

ಮದುವೆ, ಜಾತ್ರೆ, ಯಾತ್ರೆಗಳಿಗೆ ಮನೆಮಂದಿಯೆಲ್ಲ ಹೊರಟಾಗ ನೀರಿಡುವವರಾರು? ನೆರೆಮನೆಯವರಿಗೆ ರಾತ್ರಿಯ ಬೊಗಳುವಿಕೆ ಸಹ್ಯವೇ? ಊಟದ ಖರ್ಚಿಗಿಂತ ಔಷಧದ ಖರ್ಚು ಹೆಚ್ಚಾದ ತಿಂಗಳಲ್ಲಿ ಮುಖ ಸಿಂಡರಿಸದೆ ಇರಲಾದೀತೆ? ಇವು ಸಣ್ಣ ಪ್ರಶ್ನೆಗಳಾಗಿ ತೋರಿದರೂ ನಾಯಿಯ ಬಾಳು ನಿಂತಿರುವುದು ಇವುಗಳ ಮೇಲೆಯೇ. ರಾಗಿಮುದ್ದೆ, ಅನ್ನ, ಮೊಟ್ಟೆಗಳಿಂದ ನಾಯಿ ಸುಖವಾಗಿ ಬೆಳೆದೀತು. ಆದರೆ ಮನುಷ್ಯರ ತಟ್ಟೆಯಲ್ಲಿ ಉಳಿದುದೆಲ್ಲ ಅದಕ್ಕೆ ಹಿತವಲ್ಲ. ಈರುಳ್ಳಿ, ದ್ರಾಕ್ಷಿ, ಚಾಕಲೇಟುಗಳು ಅದಕ್ಕೆ ವಿಷಪ್ರಾಯ.

ಮರೆಯಬಾರದ ಎಚ್ಚರ

ನಾಯಿಯ ಮಾತಿನಲ್ಲಿ ರೇಬಿಸ್ ರೋಗವನ್ನು ಕುರಿತು ಹೇಳದೆ ಬಿಡುವುದು ಅಪಚಾರವಾದೀತು. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಈ ರೋಗದಿಂದ ಬದುಕುಳಿಯುವುದು ಇಲ್ಲವೆಂಬಷ್ಟು ವಿರಳ. ಜಗತ್ತಿನಲ್ಲಿ ರೇಬಿಸ್‌ನಿಂದಾಗುವ ಸಾವುಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಭಾರತದಲ್ಲಿಯೇ ಆಗುತ್ತವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮನುಷ್ಯರಿಗೆ ಇದು ತಗಲುವುದು ಬಹುತೇಕ ನಾಯಿಯ ಕಡಿತದಿಂದ. ಕಡಿಸಿಕೊಳ್ಳುವವರಲ್ಲಿ ಮಕ್ಕಳು ಬಹಳ. ಕರ್ನಾಟಕ ಸರಕಾರವು 2022ರಲ್ಲಿ ಮನುಷ್ಯರ ರೇಬಿಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು.

ಭಯಂಕರವಾದ ಈ ರೋಗವನ್ನು ತಡೆಯುವ ದಾರಿ ಮಾತ್ರ ಸರಳ. 1885ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಚುಚ್ಚುಮದ್ದು ನೀಡಿ ಆ ದಾರಿಯನ್ನು ತೆರೆದನು. ಹೊಟ್ಟೆಗೆ ಹದಿನಾಲ್ಕು ಚುಚ್ಚುಮದ್ದು ಹಾಕಿಸಿಕೊಳ್ಳುತ್ತಿದ್ದ ಕಾಲವನ್ನು ಹಿರಿಯರು ಇನ್ನೂ ಮರೆತಿಲ್ಲ. ಆ ಕಾಲ ಕಳೆದುಹೋಗಿದೆ. ಈಗ ತೋಳಿಗೆ ಕೊಡುವ ಕೆಲವೇ ಚುಚ್ಚುಮದ್ದುಗಳು ಸಾಕು. ಯಾವುದೇ ನಾಯಿ ಕಚ್ಚಿದರೂ ಪರಚಿದರೂ ಗಾಯವನ್ನು ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿಗಳನ್ನು ಮೆತ್ತಬಾರದು. ‘ನಮ್ಮ ಮನೆಯ ನಾಯಿಯೇ ತಾನೆ’ ಎಂಬ ಉದಾಸೀನವೂ ಕೂಡದು.

ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಅಗಲಿಸಬಾರದು. ತಂದ ಕೂಡಲೇ ಪಶುವೈದ್ಯರಿಗೆ ತೋರಿಸಿ ಜಂತುಹುಳುವಿನ ಔಷಧ, ಇತರ ರೋಗಗಳ ಲಸಿಕೆ ಹಾಕಿಸಬೇಕು. ಮೂರು ತಿಂಗಳಾದಾಗ ರೇಬಿಸ್ ಲಸಿಕೆ. ಅನಂತರ ವೈದ್ಯರು ಹೇಳಿದಂತೆ ವರ್ಷವರ್ಷವೂ ತಪ್ಪದೆ. ತಾಲ್ಲೂಕು ಕೇಂದ್ರಗಳಲ್ಲಿ ಸರಕಾರಿ ಪಶು ಆಸ್ಪತ್ರೆಗಳಿವೆ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಸಾಧನವಿಲ್ಲವೆಂಬ ನೆವ ಈ ಮೂರೂರಿನವರಿಗೆ ಸಲ್ಲದು. ಮಕ್ಕಳಿಗೂ ಒಂದಿಷ್ಟು ಪಾಠ ಬೇಕು: ಉಣ್ಣುವ ನಾಯಿಯನ್ನು, ಮಲಗಿದ ನಾಯಿಯನ್ನು, ಮರಿಹಾಕಿದ ನಾಯಿಯನ್ನು ಮುಟ್ಟಬಾರದು. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬುದು ಗಾದೆಯೇ ಹೊರತು ನಾಯಿಗೆ ಗೊತ್ತಿರುವ ನಿಯಮವಲ್ಲ.

ತೀರ್ಮಾನ

ನಾಯಿ ಬೇಕೆನ್ನುವ ಮನೆಯವರು ಒಂದು ಸಣ್ಣ ಪರೀಕ್ಷೆಯನ್ನು ತಮಗೆ ತಾವೇ ಒಡ್ಡಿಕೊಳ್ಳಬಹುದು. ಒಂದು ತಿಂಗಳು, ನಾಯಿ ಇಲ್ಲದೆಯೇ ನಾಯಿಯ ದಿನಚರಿಯನ್ನು ನಡೆಸಿ ನೋಡಲಿ. ಬೆಳಗ್ಗೆ ಆರಕ್ಕೆ ಒಬ್ಬರು ಎದ್ದು ಅರ್ಧ ಗಂಟೆ ನಡೆದು ಬರಲಿ, ಸಂಜೆ ಇನ್ನೊಬ್ಬರು. ಹೊತ್ತಿಗೆ ಸರಿಯಾಗಿ ಎರಡು ಬಾರಿ ಬಾಗಿಲಾಚೆ ಒಂದು ಬಟ್ಟಲು ನೀರು, ಒಂದು ತುತ್ತು ಅನ್ನವಿಡಲಿ. ಉಣ್ಣಲು ಬೀದಿಯ ಬಡಪ್ರಾಣಿಯೊಂದು ಬಂದೇ ಬರುತ್ತದೆ. ಮಳೆ ಬಂದ ದಿನ, ನೆಂಟರು ಬಂದ ದಿನ, ತಲೆನೋವಿನ ದಿನ ಯಾವುದನ್ನೂ ಬಿಡಬಾರದು. ತಿಂಗಳು ಮುಗಿದಾಗಲೂ ಯಾರೂ ಯಾರಿಗೂ ‘ಇವತ್ತು ನಿನ್ನ ಸರದಿ’ ಎಂದು ಕೂಗಾಡದಿದ್ದರೆ ಆ ಮನೆಗೆ ನಾಯಿ ಬರಬಹುದು, ಬರಲಿ. ಅಂಥ ಮನೆಯ ಮಕ್ಕಳು ಬಾಯಿಲ್ಲದ ಜೀವದ ಹಸಿವೆಯನ್ನು ಅರಿಯುವುದನ್ನು ಕಲಿಯುತ್ತಾರೆ. ಒಂಟಿಯಾದ ಹಿರಿಯರಿಗೆ ಮುಪ್ಪಿನಲ್ಲಿ ಜೊತೆ ದೊರೆಯುತ್ತದೆ. ಮನೆಗೆ ಕಾವಲೂ ಆಗುತ್ತದೆ.

ವಾರ ಕಳೆಯುವುದರೊಳಗೆ ಜಗಳವೆದ್ದರೆ, ಈಗ ಬೇಡವೆಂದು ನಿರ್ಧರಿಸುವುದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ. ಬೇಡವೆನ್ನುವುದೂ ನಾಯಿಯ ಮೇಲಣ ಕರುಣೆಯೇ. ಬಾಗಿಲಾಚೆಯ ಬಟ್ಟಲನ್ನು ಮಾತ್ರ ಒಳಗೆ ತೆಗೆದಿಡದಿದ್ದರೆ ಸಾಕು.

ಮಣಲೇರನಂತೆ ಎಲ್ಲವನ್ನೂ ಬಿಟ್ಟು ನಾಯಿಯನ್ನೇ ಬೇಡುವವರು ಇಂದಿಗೂ ಉಂಟು. ಬೇಡಿ ಪಡೆದ ಮೇಲೆ, ಆತಕೂರಿನ ಗೊರವನಿಗೆ ವಿಧಿಸಿದ ಕಟ್ಟಳೆ ಅವರಿಗೂ ಅನ್ವಯಿಸುತ್ತದೆ: ಅದರದು ಮುಗಿಯದೆ ತನ್ನ ಎಲೆಗೆ ಕೈಯಿಡಬಾರದು.